ಬಿಡುವಿಲ್ಲದವರಿಗೆ ವೈಯಾವೃತ್ಯ ತಪ

ಸಿಂಧನೂರಿನಲ್ಲಿ ಭತ್ತದ ನಾಟಿ, ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿ, ಮಸ್ಕಿಯಲ್ಲಿ ಅಂಗಡಿಯ ವ್ಯವಹಾರ, ಹೀಗೆ ದಿನವೆಲ್ಲ ದುಡಿಯುವ ಗೃಹಸ್ಥನು ‘ಸೇವೆಗೆ ಬಿಡುವೆಲ್ಲಿ?’ ಎನ್ನುವುದುಂಟು. ಸೇವೆಯು ಪರರಿಗೆ ಮಾತ್ರ ಉಪಕಾರವೆಂದು ಬಗೆದುದರಿಂದ ಹುಟ್ಟಿದ ಪ್ರಶ್ನೆಯಿದು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಅನಶನವನ್ನು 6 ಬಾಹ್ಯತಪಗಳಲ್ಲಿಯೂ ವೈಯಾವೃತ್ಯವನ್ನು 6 ಅಂತರಂಗತಪಗಳಲ್ಲಿಯೂ ಎಣಿಸಿದ್ದಾರೆ. ತಪದ ಫಲವಾದ ಕರ್ಮನಿರ್ಜರೆ ಆಚರಿಸಿದವನದೇ. ವೈಯಾವೃತ್ಯವು ಮುಖ್ಯವಾಗಿ ಮುನಿಸಂಘದ ಸೇವೆಯಾದರೂ ಅದರ ಭಾವವು ಗೃಹಸ್ಥನ ಮನೆಯಲ್ಲಿಯೂ ಸಲ್ಲುತ್ತದೆ.

ರೋಗಿಯ ಹಾಸಿಗೆ ಒಗೆಯುವವನಲ್ಲಿ ಜುಗುಪ್ಸೆ ಅಳಿದು ನಿರ್ವಿಚಿಕಿತ್ಸಾ ಅಂಗವು ದೃಢವಾಗುತ್ತದೆ, ಅಹಂಕಾರ ಕರಗುತ್ತದೆ, ಲಾಭನಷ್ಟದ ಲೆಕ್ಕದಲ್ಲಿ ಬಳಲಿದ ಮನಸ್ಸು ಹಗುರಾಗುತ್ತದೆ. ಉಪವಾಸವಿದ್ದೂ ಮನೆಯ ವೃದ್ಧೆಗೆ ನೀರು ಕೊಡಲು ಸಿಡುಕುವವನು ಗಳಿಸಿದ್ದು ಹಸಿವನ್ನಷ್ಟೇ.

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ ಧರ್ಮದ ಫಲವು ದೊಡ್ಡವರಿಗಷ್ಟೇ ಅಲ್ಲ, ಧರ್ಮನಿಷ್ಠರಾದ ಸಾಮಾನ್ಯರಿಗೂ ಲಭ್ಯವೆಂದು ಸಾರುತ್ತದೆ.

ಆದುದರಿಂದ ಪ್ರತಿ ಅಷ್ಟಮಿ, ಚತುರ್ದಶಿಗಳಂದು ಒಂದು ಮುಹೂರ್ತ, ಅಂದರೆ 48 ನಿಮಿಷ, ಸೇವೆಗೆಂದು ನಿಯಮ ತೆಗೆದುಕೊಳ್ಳಬೇಕು. ಬಿಡುವು ದೊರೆತಾಗ ಮಾಡುವೆನೆಂದುದು ತಪ್ಪಿಹೋಗುತ್ತದೆ. ವ್ರತವಾಗಿ ಹಿಡಿದುದು ನಿಲ್ಲುತ್ತದೆ.