ಲೇಬಲ್ಲಿನ ಹೆಸರು, ಒಳಮೈಯ ಸಾಕ್ಷ್ಯ: ಅಪರೂಪದ ವಿನ್ಯಾಸಿತ ಉಡುಪುಗಳ ಕಿರುಗುಂಪು ವೀಕ್ಷಣೆಯನ್ನು ಕುರಿತು

೧. ಪ್ರವೇಶ

ಕೃತಿಯೊಂದರ ಕರ್ತೃ ಯಾರು ಎಂಬ ಪ್ರಶ್ನೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಅಂಕಿತ, ಪುಷ್ಪಿಕೆ, ಲಿಪಿಕಾರನ ಟಿಪ್ಪಣಿ, ಪಾಠಾಂತರ ಮುಂತಾದ ಆಕರಗಳ ನೆರವಿನಿಂದ ಕರ್ತೃತ್ವವನ್ನು ನಿರ್ಣಯಿಸುವ, ಅನೇಕ ವೇಳೆ ಅದನ್ನು ಪ್ರಶ್ನಿಸುವ ಗಟ್ಟಿಯಾದ ಪರಂಪರೆಯೊಂದು ನಮ್ಮ ಗ್ರಂಥಸಂಪಾದನ ಶಾಸ್ತ್ರದಲ್ಲಿದೆ. ಆದರೆ ಈ ವಿಧಾನವನ್ನು ನಾವು ಬಹುಮಟ್ಟಿಗೆ ಬರೆಹಕ್ಕೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ಮನುಷ್ಯನ ಮೈಗೆ ತೀರ ಹತ್ತಿರದ ಸಾಂಸ್ಕೃತಿಕ ವಸ್ತುವಾದ ಉಡುಪನ್ನು ಇದೇ ಬಗೆಯಲ್ಲಿ ಓದಲು ಸಾಧ್ಯವೆ? ಸಾಧ್ಯವಾದರೆ ಅದಕ್ಕೆ ಯಾವ ಬಗೆಯ ಓದು ಬೇಕು? ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ, ಹಳೆಯ ವಿನ್ಯಾಸಿತ ಉಡುಪುಗಳ ಕಿರುಗುಂಪು ವೀಕ್ಷಣೆಯೆಂಬ ಕ್ರಮವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ‘ವಿನ್ಯಾಸಿತ ಉಡುಪು’ ಎಂಬ ಮಾತನ್ನು ಪ್ಯಾರಿಸ್, ವೆನಿಸ್ ಮೊದಲಾದ ನಗರಗಳ ಪ್ರಸಿದ್ಧ ಉಡುಪು ಸಂಸ್ಥೆಗಳಲ್ಲಿ, ಒಬ್ಬ ವಿನ್ಯಾಸಕರ ಹೆಸರಿನಲ್ಲಿ ಸಿದ್ಧವಾದ ಉಡುಪು ಎಂಬ ಅರ್ಥದಲ್ಲಿ ಬಳಸಲಾಗಿದೆ. ಗಿರಾಕಿಯ ಅಳತೆಗೆ ತಕ್ಕಂತೆ, ಹೆಚ್ಚಾಗಿ ಕೈಹೊಲಿಗೆಯಿಂದ ಮಾಡಿದ ಇಂಥ ಉಡುಪಿನ ಪರಂಪರೆಗೆ ಫ್ರೆಂಚ್ ಭಾಷೆಯಲ್ಲಿ ‘ಓತ್ ಕುತೂರ್’ ಎಂಬ ಹೆಸರಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ೧೮೫೮ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಫ್ರೆಡರಿಕ್ ವರ್ತ್‌ನನ್ನು ಈ ಪರಂಪರೆಯ ಆದ್ಯನೆಂದು ಭಾವಿಸಲಾಗುತ್ತದೆ. ಕಲಾವಿದ ತನ್ನ ಚಿತ್ರಕ್ಕೆ ಸಹಿ ಹಾಕುವಂತೆ ಉಡುಪಿನ ಒಳಗೆ ತನ್ನ ಹೆಸರಿನ ಲೇಬಲ್ಲನ್ನು ಹೊಲಿಸಿದವರಲ್ಲಿ ಆತ ಪ್ರಮುಖ. ಹೊಲಿಗೆಯವನು ಕರ್ತೃವಾದದ್ದು ಈ ಸಣ್ಣ ಬಟ್ಟೆಯ ತುಂಡಿನಿಂದ. ಲೇಬಲ್ಲು ಉಡುಪಿನ ಅಂಕಿತವೆಂದರೆ ತಪ್ಪಾಗಲಾರದು.

೨. ಪ್ರದರ್ಶನ ಮತ್ತು ವೀಕ್ಷಣೆ

ಪ್ರದರ್ಶನ ಮತ್ತು ವೀಕ್ಷಣೆ ಎಂಬ ಎರಡು ಕ್ರಮಗಳ ನಡುವಿನ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಪ್ರದರ್ಶನದಲ್ಲಿ ಉಡುಪು ಬೊಂಬೆಯ ಮೈಮೇಲೆ, ಗಾಜಿನ ಹಿಂದೆ, ಮಂದ ಬೆಳಕಿನಲ್ಲಿ ನಿಂತಿರುತ್ತದೆ. ನೋಡುಗನಿಗೆ ಕಾಣುವುದು ಹೊರಮೈ ಮಾತ್ರ. ಪಕ್ಕದ ಫಲಕದಲ್ಲಿರುವುದು ವಿನ್ಯಾಸಕನ ಹೆಸರು, ವರ್ಷ ಮತ್ತು ಅದನ್ನು ಕೊಟ್ಟವರ ಹೆಸರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ೧೯೭೧ರಲ್ಲಿ ಛಾಯಾಗ್ರಾಹಕ ಸೆಸಿಲ್ ಬೀಟನ್ ಏರ್ಪಡಿಸಿದ ಫ್ಯಾಶನ್ ಪ್ರದರ್ಶನ ಈ ಮಾದರಿಯ ದೊಡ್ಡ ನಿದರ್ಶನ. ತನಗೆ ಪರಿಚಯವಿದ್ದ ಸಿರಿವಂತ ಮಹಿಳೆಯರಿಂದ ಬೀಟನ್ ಆಗ ಕೇಳಿ ಪಡೆದ ಉಡುಪುಗಳು ಆ ಸಂಗ್ರಹಾಲಯದ ಇಪ್ಪತ್ತನೆಯ ಶತಮಾನದ ಫ್ಯಾಶನ್ ಸಂಗ್ರಹಕ್ಕೆ ಬುನಾದಿಯಾದವು.

ವೀಕ್ಷಣೆಯ ಕ್ರಮ ಬೇರೆ. ಇಲ್ಲಿ ಉಡುಪನ್ನು ಉಗ್ರಾಣದಿಂದ ತಂದು, ಆಮ್ಲರಹಿತ ಕಾಗದ ಹಾಸಿದ ಅಗಲವಾದ ಮೇಜಿನ ಮೇಲೆ ಮಲಗಿಸಲಾಗುತ್ತದೆ. ಬೆರಳೆಣಿಕೆಯ ಜನ ಸುತ್ತ ನಿಲ್ಲುತ್ತಾರೆ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಸಂಗ್ರಹಾಲಯದ ಪರಿಣತರೊಬ್ಬರು ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ಒಳಭಾಗವನ್ನು ತೆರೆದು ತೋರಿಸುತ್ತಾರೆ. ಇದೇ ಸಂಗ್ರಹಾಲಯ ೨೦೧೩ರಲ್ಲಿ ಲಂಡನ್ನಿನ ಬ್ಲೈದ್ ಹೌಸ್ ಎಂಬ ಕಟ್ಟಡದಲ್ಲಿ ಜವಳಿ ಮತ್ತು ಉಡುಪುಗಳಿಗಾಗಿಯೇ ಅಧ್ಯಯನ ಕೇಂದ್ರವೊಂದನ್ನು ತೆರೆದು, ಮುಂಚಿತವಾಗಿ ಕೇಳಿಕೊಂಡವರಿಗೆ ಈ ಅವಕಾಶವನ್ನು ಕಲ್ಪಿಸಿತು. ಆ ಕಟ್ಟಡ ತೆರವಾದ ಬಳಿಕ, ೨೦೨೫ರ ಮೇ ೩೧ರಂದು ಪೂರ್ವ ಲಂಡನ್ನಿನಲ್ಲಿ ‘ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್’ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ವಸ್ತುಗಳಿರುವ ಈ ಉಗ್ರಾಣದಿಂದ ಯಾರು ಬೇಕಾದರೂ, ಯಾವ ಶುಲ್ಕವೂ ಇಲ್ಲದೆ, ಎರಡು ವಾರ ಮೊದಲೇ ತಿಳಿಸಿ ಐದು ವಸ್ತುಗಳವರೆಗೆ ತರಿಸಿ ನೋಡುವ ವ್ಯವಸ್ಥೆಯನ್ನು ಅಲ್ಲಿ ಮಾಡಲಾಯಿತು. ಆರಂಭದ ತಿಂಗಳುಗಳಲ್ಲಿ ಅತಿ ಹೆಚ್ಚು ಜನ ಕೇಳಿದ್ದು ಯಾವುದೋ ವರ್ಣಚಿತ್ರವನ್ನಲ್ಲ. ಕ್ರಿಸ್ಟೋಬಲ್ ಬಾಲೆನ್ಸಿಯಾಗಾ ೧೯೫೪ರಲ್ಲಿ ರೂಪಿಸಿದ ಗುಲಾಬಿ ಬಣ್ಣದ ರೇಷ್ಮೆಯ ಸಂಜೆಯುಡುಪನ್ನು. ವಿದ್ವಾಂಸರಿಗಷ್ಟೇ ಮೀಸಲೆಂದು ತಿಳಿಯಲಾಗಿದ್ದ ಓದಿನ ಕ್ರಮವೊಂದಕ್ಕೆ ಸಾಮಾನ್ಯರಲ್ಲಿಯೂ ಹಸಿವಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

೩. ಒಳಮೈ ಹೇಳುವ ಸಂಗತಿಗಳು

ಮೇಜಿನ ಮೇಲೆ ತೆರೆದಿಟ್ಟ ಉಡುಪು ಹೊರಮೈ ಹೇಳದ ಸಂಗತಿಗಳನ್ನು ಹೇಳುತ್ತದೆ. ಬಾಲೆನ್ಸಿಯಾಗಾನ ಉದಾಹರಣೆಯನ್ನೇ ನೋಡಬಹುದು. ೧೮೯೫ರಲ್ಲಿ ಸ್ಪೇನಿನ ಗೆಟಾರಿಯಾ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ ಈತನ ತಾಯಿ ಹೊಲಿಗೆಯಿಂದ ಬದುಕು ನಡೆಸಿದವಳು. ೧೯೩೭ರಲ್ಲಿ ಪ್ಯಾರಿಸ್‌ನಲ್ಲಿ ನೆಲೆಯೂರಿದ ಆತ ೧೯೬೮ರಲ್ಲಿ ತನ್ನ ಸಂಸ್ಥೆಯನ್ನು ಮುಚ್ಚಿದ. ಅವನ ಉಡುಪುಗಳು ನೋಡಲು ಗಾಳಿ ತುಂಬಿದಂತೆ ಹಗುರ. ೨೦೧೭ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಏರ್ಪಡಿಸಿದ ಬಾಲೆನ್ಸಿಯಾಗಾ ಪ್ರದರ್ಶನಕ್ಕಾಗಿ ನಿಕ್ ವೀಸಿ ಎಂಬ ಕಲಾವಿದ ಕೆಲವು ಉಡುಪುಗಳ ಕ್ಷಕಿರಣ ಚಿತ್ರ ತೆಗೆದಾಗ ಆ ಹಗುರತನದ ಹಿಂದಿನ ಸಿದ್ಧತೆ ಬಯಲಾಯಿತು. ಒಳಗೆ ಎದೆಭಾಗವನ್ನು ಹಿಡಿದು ನಿಲ್ಲಿಸುವ ಕಡ್ಡಿಗಳಿದ್ದವು; ಕೆಳಅಂಚಿನಲ್ಲಿ ಬಟ್ಟೆ ಬೇಕಾದ ರೀತಿಯಲ್ಲಿ ಇಳಿಬೀಳಲೆಂದು ಸೇರಿಸಿದ ಪುಟ್ಟ ತೂಕಗಳಿದ್ದವು. ಕ್ಷಕಿರಣ ದೂರದಿಂದ ಕಂಡುಕೊಂಡದ್ದನ್ನು ಕಿರುಗುಂಪಿನ ವೀಕ್ಷಣೆ ಹತ್ತಿರದಿಂದ ಕಾಣುತ್ತದೆ.

ಕೊಕೊ ಶನೆಲ್‌ಳ ಉಣ್ಣೆಯ ಜಾಕೆಟ್ಟಿನ ಕೆಳಅಂಚಿನ ಒಳಗೆ ಸಣ್ಣ ಲೋಹದ ಸರಪಳಿಯೊಂದನ್ನು ಹೊಲಿದಿರುತ್ತಾರೆ. ತೊಟ್ಟವಳು ಕೈಯೆತ್ತಿ ಇಳಿಸಿದಾಗ ಜಾಕೆಟ್ಟು ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುವುದು ಇದರಿಂದ. ೧೯೧೨ರಲ್ಲಿ ಸಂಸ್ಥೆ ಕಟ್ಟಿದ ಮಡ್ಲೆನ್ ವಿಯೊನೆ ಬಟ್ಟೆಯನ್ನು ಹಾಸು ಹೊಕ್ಕುಗಳಿಗೆ ಓರೆಯಾಗಿ, ೪೫ ಡಿಗ್ರಿ ಕೋನದಲ್ಲಿ ಬಳಸುವುದನ್ನು ಶಾಸ್ತ್ರವಾಗಿಸಿದಳು. ಹಾಸಿನ ದಿಕ್ಕಿನಲ್ಲಿ ಬಿಗಿಯಾಗಿರುವ ನೇಯ್ಗೆ ಓರೆಯಲ್ಲಿ ಎಳೆದರೆ ಹಿಗ್ಗುತ್ತದೆ. ಆದ್ದರಿಂದ ಉಡುಪು ಕಡ್ಡಿಗಳ ಹಂಗಿಲ್ಲದೆ ಮೈಯನ್ನು ಅನುಸರಿಸುತ್ತದೆ. ಬೊಂಬೆಯ ಮೇಲಿಲ್ಲದಿದ್ದರೆ ಇಂಥ ಉಡುಪು ಅಳ್ಳಕವಾದ ಬಟ್ಟೆಯ ತುಂಡಿನಂತೆ ಕಾಣುತ್ತದೆ. ನೇಯ್ಗೆಯ ಎಳೆ ಯಾವ ದಿಕ್ಕಿಗೆ ಓಡಿದೆ ಎಂಬುದನ್ನು ಕಣ್ಣಿಟ್ಟು ಹುಡುಕಿದವರಿಗೆ ಮಾತ್ರ ಅದರ ತರ್ಕ ತಿಳಿಯುತ್ತದೆ.

ಇವುಗಳ ಜೊತೆಗೆ ತಿದ್ದುಪಡಿಯ ಗುರುತುಗಳೂ ಇರುತ್ತವೆ. ಮುಂದೆ ಸಡಿಲಿಸಲು ಅನುಕೂಲವಾಗಲೆಂದು ಜೋಡಣೆಯ ಹೊಲಿಗೆಯ ಆಚೆ ಅಗಲವಾಗಿ ಬಟ್ಟೆ ಬಿಟ್ಟಿರುತ್ತಾರೆ. ಹಳೆಯ ಹೊಲಿಗೆ ಬಿಚ್ಚಿದ ತೂತುಗಳ ಸಾಲು, ಸೊಂಟ ದಪ್ಪವಾದಾಗ ಸರಿಸಿದ ಕೊಕ್ಕೆ, ಬೆವರಿನ ಕಲೆ, ಹಿಮ್ಮಡಿಗೆ ಸಿಕ್ಕಿ ಸವೆದ ಅಂಚು ಇವೆಲ್ಲ ಆ ಉಡುಪಿನ ಪಾಠಾಂತರಗಳು. ಓಲೆಗರಿಯ ಅಂಚಿನ ತಿದ್ದುಪಡಿಗಳನ್ನು ಓದಿ ಬಲ್ಲವರಿಗೆ ಈ ಮಾತು ವಿಚಿತ್ರವಾಗಿ ಕಾಣಲಾರದು.

೪. ಹೆಸರಿಲ್ಲದ ಕೈಗಳು

ಒಳಮೈಯನ್ನು ಹೀಗೆ ಓದುತ್ತ ಹೋದಂತೆ ಲೇಬಲ್ಲಿನ ಏಕಕರ್ತೃತ್ವ ಅಲುಗಾಡತೊಡಗುತ್ತದೆ. ಇದಕ್ಕೆ ಎರಡು ನಿದರ್ಶನಗಳನ್ನು ಗಮನಿಸಬಹುದು.

ಮೊದಲನೆಯದು ‘ಡೆಲ್ಫೋಸ್’ ಎಂಬ ಹೆಸರಿನ ನಿಲುವಂಗಿ. ಸುಮಾರು ೧೯೦೭ರಿಂದ ವೆನಿಸ್‌ನಲ್ಲಿ ಮಾರಿಯಾನೋ ಫೋರ್ಚುನಿಯ ಹೆಸರಿನಲ್ಲಿ ತಯಾರಾದ ಈ ರೇಷ್ಮೆಯ ಉಡುಪಿಗೆ ಕೂದಲೆಳೆಯಷ್ಟು ಕಿರಿದಾದ ನೂರಾರು ನೆರಿಗೆಗಳು. ಅಂಚುಗಳಲ್ಲಿ ಗಾಜಿನ ಮಣಿಗಳನ್ನು ಪೋಣಿಸಿ ತೂಕ ಕೊಡಲಾಗಿದೆ. ನೆರಿಗೆ ಕೆಡದಿರಲೆಂದು ಇದನ್ನು ಹಗ್ಗದಂತೆ ಹೊಸೆದು, ಸುರುಳಿ ಸುತ್ತಿ, ಪುಟ್ಟ ದುಂಡು ಪೆಟ್ಟಿಗೆಯಲ್ಲಿಡುತ್ತಾರೆ. ವೀಕ್ಷಣೆಯಲ್ಲಿ ಪೆಟ್ಟಿಗೆ ತೆರೆದು ಸುರುಳಿ ಬಿಚ್ಚುವ ಗಳಿಗೆಯೇ ಒಂದು ಪಾಠ. ೧೯೦೯ರಲ್ಲಿ ಫೋರ್ಚುನಿ ಈ ಉಡುಪಿಗೆ ಪೇಟೆಂಟ್ ಪಡೆದ. ಆದರೆ ಇದರ ನಿಜವಾದ ಶೋಧಕಿ ತನ್ನ ಸಂಗಾತಿ ಆಂರಿಯೆತ್ ನೆಗ್ರಿನ್ ಎಂದೂ, ಅರ್ಜಿ ಸಲ್ಲಿಸುವ ಅವಸರದಲ್ಲಿ ತನ್ನ ಹೆಸರನ್ನು ಬಳಸಿದೆನೆಂದೂ ಆತನೇ ಕೈಬರಹದಲ್ಲಿ ದಾಖಲಿಸಿದ್ದಾನೆ. ಶತಮಾನ ಕಳೆದರೂ ಉಡುಪು ಫೋರ್ಚುನಿಯ ಹೆಸರಿನಲ್ಲಿಯೇ ಉಳಿದಿದೆ.

ಎರಡನೆಯ ನಿದರ್ಶನ ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದೆ. ೧೯೦೩ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ ವೈಸ್‌ರಾಯ್ ಕರ್ಜನ್ನನ ಪತ್ನಿ ಮೇರಿ ಕರ್ಜನ್ ತೊಟ್ಟ ‘ನವಿಲು ಉಡುಪು’ ಫ್ಯಾಶನ್ ಚರಿತ್ರೆಯಲ್ಲಿ ವರ್ತ್ ಸಂಸ್ಥೆಯ ಕೃತಿಯೆಂದೇ ಪ್ರಸಿದ್ಧ. ಇಂಗ್ಲೆಂಡಿನ ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಎಂಬ ಮಹಲಿಗೆ ಸೇರಿದ ಈ ಉಡುಪಿನ ತೂಕ ನಾಲ್ಕೂವರೆ ಕಿಲೋಗ್ರಾಮಿಗೂ ಹೆಚ್ಚು. ಅದರ ಮೈತುಂಬ ಒಂದರ ಮೇಲೊಂದು ಹಾಸಿದಂಥ ನವಿಲುಗರಿಗಳ ಚಿತ್ರ. ಪ್ರತಿ ಗರಿಯ ಕಣ್ಣಿಗೂ ಹೊಳೆಯುವ ಹಸಿರು ಜೀರುಂಡೆಯ ರೆಕ್ಕೆ. ಈ ಜರಿ ಕಸೂತಿ ನಡೆದದ್ದು ದೆಹಲಿಯ ಕುಶಲಕರ್ಮಿಗಳ ಕೈಯಲ್ಲಿ. ಕಸೂತಿಯಾದ ಬಟ್ಟೆ ಪ್ಯಾರಿಸ್‌ಗೆ ಹೋಗಿ, ಅಲ್ಲಿ ಉಡುಪಾಗಿ ಮರಳಿ ದೆಹಲಿಗೆ ಬಂದಿತು. ಉಡುಪಿನ ತೂಕವೆಲ್ಲ ದೆಹಲಿಯ ಕೈಗಳದು, ಹೆಸರು ಮಾತ್ರ ಪ್ಯಾರಿಸ್‌ನದು. ವಸಾಹತು ಕಾಲದ ಶ್ರಮವಿಭಜನೆಯನ್ನು ವಿವರಿಸಲು ಇದಕ್ಕಿಂತ ಮೂರ್ತವಾದ ಆಕರ ದೊರೆಯುವುದು ಕಷ್ಟ.

ಪ್ಯಾರಿಸ್‌ನಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಅಲ್ಲಿನ ಹೊಲಿಗೆ ಮನೆಗಳ ಹೆಣ್ಣುಮಕ್ಕಳನ್ನು ‘ಪುಟ್ಟ ಕೈಗಳು’ ಎಂಬರ್ಥದ ಫ್ರೆಂಚ್ ಮಾತಿನಿಂದ ಕರೆಯುವ ವಾಡಿಕೆಯಿದೆ. ಮನುಷ್ಯರನ್ನು ಕೈಗಳೆಂದು ಕರೆಯುವ ಈ ಭಾಷೆಯಲ್ಲಿಯೇ ಅವರ ಹೆಸರು ಅಳಿಸಿಹೋಗಿದೆ. ಆದರೆ ಆ ಕೈಗಳು ಸುಮ್ಮನಿರಲಿಲ್ಲ. ೧೯೧೭ರ ಮೇ ತಿಂಗಳಲ್ಲಿ ಯುದ್ಧದ ನಡುವೆಯೇ ಮುಷ್ಕರ ಹೂಡಿ, ಶನಿವಾರ ಮಧ್ಯಾಹ್ನದ ಬಿಡುವನ್ನು ಕಾನೂನಿನ ಮೂಲಕ ಪಡೆದುಕೊಂಡವರು ಅವರೇ. ಆ ಕಾಲದ ಉಡುಪೊಂದರ ಅಸ್ತರಿನ ಸಮನಾದ ಹೊಲಿಗೆಯನ್ನು ನೋಡುವಾಗ ಈ ಚರಿತ್ರೆ ನೆನಪಿನಲ್ಲಿರಬೇಕಾಗುತ್ತದೆ.

೫. ವಿಧಾನದ ಮಿತಿಗಳು

ಈ ವಿಧಾನಕ್ಕೆ ತನ್ನದೇ ಆದ ಮಿತಿಗಳಿವೆ. ಮೊದಲನೆಯದಾಗಿ, ಪ್ರತಿ ವೀಕ್ಷಣೆಯೂ ಉಡುಪಿನ ಆಯುಸ್ಸನ್ನು ಅಷ್ಟಿಷ್ಟು ಕಡಿಮೆ ಮಾಡುತ್ತದೆ. ಬೆಳಕಿನಿಂದ ಆಗುವ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ. ಆದ್ದರಿಂದಲೇ ಜವಳಿಗಳಿಗೆ ೫೦ ಲಕ್ಸ್ ಬೆಳಕಿನ ಮಿತಿಯನ್ನು ಸಾಮಾನ್ಯವಾಗಿ ಪಾಲಿಸಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗಿನ ಅನೇಕ ರೇಷ್ಮೆ ಉಡುಪುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಅಂಟು ತೆಗೆದಾಗ ರೇಷ್ಮೆ ತನ್ನ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬಲು ತಯಾರಕರು ತವರದ ಲವಣಗಳಲ್ಲಿ ರೇಷ್ಮೆಯನ್ನು ಅದ್ದುತ್ತಿದ್ದರು. ಅಂದು ಬೆಲೆಯನ್ನು ಹೆಚ್ಚಿಸಿದ ಆ ಲವಣವೇ ಇಂದು ಎಳೆಗಳನ್ನು ಪುಡಿಮಾಡುತ್ತಿದೆ. ನೋಡದೆ ಅರಿಯಲಾಗದು, ನೋಡಿದಷ್ಟೂ ಸವೆಯುವುದು ಎಂಬ ಈ ಇಕ್ಕಟ್ಟಿಗೆ ಸುಲಭದ ಪರಿಹಾರವಿಲ್ಲ. ಹತ್ತು ಮಂದಿ ಬೇರೆ ಬೇರೆಯಾಗಿ ನೋಡುವುದಕ್ಕಿಂತ ಒಟ್ಟಿಗೆ, ಮಾರ್ಗದರ್ಶನದಲ್ಲಿ ಒಮ್ಮೆ ನೋಡುವುದು ಲೇಸೆಂಬ ವಿವೇಕ ಕಿರುಗುಂಪಿನ ಕ್ರಮದ ಹಿಂದಿದೆ.

ಎರಡನೆಯದಾಗಿ, ಸಂಗ್ರಹದಲ್ಲಿ ಉಳಿದಿರುವುದು ಉಳ್ಳವರ ಉಡುಪು. ದುಡಿಯುವವರ ಬಟ್ಟೆ ತೊಟ್ಟು ಹರಿದು, ಚಿಂದಿಯಾಗಿ ಮುಗಿದುಹೋಗುತ್ತದೆ. ಬಾಲೆನ್ಸಿಯಾಗಾನ ಉಡುಪನ್ನು ಹೊಲಿದವಳು ಮನೆಯಲ್ಲಿ ಏನು ತೊಡುತ್ತಿದ್ದಳೆಂಬುದನ್ನು ಈ ಮೇಜು ಹೇಳುವುದಿಲ್ಲ. ಮೂರನೆಯದಾಗಿ, ಮಾರ್ಗದರ್ಶಕರ ಮಾತು ನೋಡುಗರ ಕಣ್ಣನ್ನು ಆಳುವ ಅಪಾಯವಿದೆ. ಮೊದಲು ನೋಡಿ, ಕಂಡದ್ದನ್ನು ಬರೆದುಕೊಂಡು, ಆಮೇಲೆ ವಿವರಣೆ ಕೇಳುವ ಕ್ರಮ ಇದಕ್ಕೆ ತಕ್ಕಮಟ್ಟಿನ ತಡೆಯಾಗಬಲ್ಲದು.

೬. ಕನ್ನಡ ಅಧ್ಯಯನದ ಸಂದರ್ಭ

ಇದುವರೆಗಿನ ನಿದರ್ಶನಗಳು ಯುರೋಪಿನ ಸಂಗ್ರಹಗಳವು. ಅವುಗಳನ್ನು ನಮ್ಮ ಉಡುಪಿಗೆ ಅಳತೆಗೋಲಾಗಿ ಬಳಸುವುದು ಸರಿಯಲ್ಲ. ವಿಧಾನವಾಗಿ ಮಾತ್ರ ಅವು ನಮಗೆ ಪ್ರಸ್ತುತ. ಹಾಗೆ ನೋಡಿದರೆ ಬಟ್ಟೆಯನ್ನು ಮಗುಚಿ ಒಳಮೈ ಓದುವ ಬಗೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಕಸೂತಿಯಲ್ಲಿ ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಮೈಯಲ್ಲಿ ಒಂದೇ ರೂಪ ತಾಳುತ್ತವೆ. ಗಂಟು ಎಲ್ಲಿಯೂ ಕಾಣಬಾರದು. ಬಲ್ಲವರು ಕಸೂತಿಯ ಗುಣವನ್ನು ನಿರ್ಣಯಿಸುವುದು ಹಿಂಬದಿಯನ್ನು ನೋಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ವಿಶಿಷ್ಟ ಕ್ರಮವಿದೆ. ಆ ಸಂದಿಯನ್ನು ಬೆರಳಿನಿಂದ ಗುರುತಿಸಬಲ್ಲ ಅಜ್ಜಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಇವರು ಈ ಶಾಸ್ತ್ರದ ನಮ್ಮ ಮಾರ್ಗದರ್ಶಕರು.

ದೇವರ ದಾಸಿಮಯ್ಯನನ್ನು ಪರಂಪರೆ ನೇಕಾರನೆಂದು ಗುರುತಿಸುತ್ತದೆ. ಅವನ ಅಂಕಿತ ಉಳಿದಿದೆ, ವಚನಗಳು ಉಳಿದಿವೆ. ನೇಯ್ದ ಬಟ್ಟೆ ಉಳಿದಿಲ್ಲ. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇದರ ವಿಲೋಮ ಸ್ಥಿತಿಯಿದೆ: ಬಟ್ಟೆ ಇದೆ, ನೇಯ್ದವರ, ಹೊಲಿದವರ ಹೆಸರಿಲ್ಲ. ಜರಿಗಾಗಿ ಸೀರೆಗಳನ್ನು ಸುಟ್ಟು ಬೆಳ್ಳಿ ತೆಗೆಯುವ ರೂಢಿಯಿಂದ ಎಷ್ಟೋ ಸೀರೆಗಳು ಈಗಾಗಲೇ ನಷ್ಟವಾಗಿವೆ. ಕನ್ನಡ ವಿಭಾಗಗಳು ಹಸ್ತಪ್ರತಿಗಳಿಗಾಗಿ ಊರೂರು ಅಲೆದು ಸೂಚಿಗಳನ್ನು ಸಿದ್ಧಪಡಿಸಿದಂತೆ, ಉಡುಪುಗಳ ಸೂಚಿಯನ್ನೂ ಸಿದ್ಧಪಡಿಸಬಹುದು. ವಸ್ತುವನ್ನು ಮನೆಯವರಿಂದ ಪಡೆಯಬೇಕಾದ ಅಗತ್ಯವಿಲ್ಲ. ಐದಾರು ವಿದ್ಯಾರ್ಥಿಗಳು ಮನೆಯ ಹಿರಿಯಳೊಬ್ಬಳ ಎದುರು ಕುಳಿತು, ಒಂದು ಸೀರೆಯನ್ನೋ ಕುಪ್ಪಸವನ್ನೋ ಬಿಡಿಸಿ, ಒಳಹೊರಗನ್ನು ನೋಡಿ, ಅವಳು ಬಳಸುವ ಪದಗಳಲ್ಲಿಯೇ ವಿವರವನ್ನು ದಾಖಲಿಸಿದರೆ ಸಾಕು. ಅದರಿಂದ ವಸ್ತುವಿನ ಜೊತೆಗೆ ನೇಯ್ಗೆ ಮತ್ತು ಹೊಲಿಗೆಯ ಪದಕೋಶವೂ ಉಳಿಯುತ್ತದೆ.

ಒಟ್ಟಿನಲ್ಲಿ, ಗಾಜಿನ ಹಿಂದಿನ ಪ್ರದರ್ಶನ ಲೇಬಲ್ಲಿನ ಹೆಸರನ್ನು ದೃಢಪಡಿಸುತ್ತದೆ. ಮೇಜಿನ ಮೇಲಿನ ಕಿರುಗುಂಪು ವೀಕ್ಷಣೆ ಆ ಹೆಸರಿನ ಹಿಂದಿರುವ ಹಲವು ಕೈಗಳನ್ನು ಕಾಣಿಸುತ್ತದೆ. ಎಲ್ಲ ಕೈಗಳ ಹೆಸರನ್ನೂ ಮರಳಿ ಪಡೆಯುವುದು ಸಾಧ್ಯವಿಲ್ಲ. ಆದರೆ ಅವರ ಕೆಲಸವನ್ನು ಕೆಲಸವೆಂದು ಓದುವುದು ಸಾಧ್ಯ. ಹಸ್ತಪ್ರತಿಗಳ ಓದಿನಲ್ಲಿ ಪಳಗಿದ ಕನ್ನಡ ಸಂಶೋಧನೆ ಆ ಓದಿಗೆ ಬೇಕಾದ ತಾಳ್ಮೆಯನ್ನು ಈಗಾಗಲೇ ಗಳಿಸಿಕೊಂಡಿದೆ.