ವಿಕಿರಣಪಟು ಕಸವನ್ನು ಅಡಕಗೊಳಿಸುವ ಬಗೆ

ಹತ್ತಿಯ ಗಿರಣಿಯಲ್ಲಿ ಸಡಿಲವಾದ ಅರಳೆಯನ್ನು ಯಂತ್ರದಿಂದ ಒತ್ತಿ ಅಂಡಿಗೆ ಕಟ್ಟುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅರಳೆಯ ಗಾತ್ರ ಕುಗ್ಗುತ್ತದೆ. ತೂಕ ಮಾತ್ರ ಗುಂಜಿಯಷ್ಟೂ ಕಡಮೆಯಾಗುವುದಿಲ್ಲ. ಪರಮಾಣು ಸ್ಥಾವರಗಳ ಕಸದ ವಿಷಯದಲ್ಲಿಯೂ ಇದೇ ತತ್ತ್ವವನ್ನು ನಾವು ಕಾಣುತ್ತೇವೆ.

ಸ್ಥಾವರದ ಕಸವೆಲ್ಲ ಒಂದೇ ಬಗೆಯದಲ್ಲ. ಉರಿದು ಮುಗಿದ ಇಂಧನದಿಂದ ಬರುವುದು ಅತ್ಯುಗ್ರವಾದುದು. ಅದರ ಗಾತ್ರ ಅಲ್ಪ. ಕೆಲಸಗಾರರು ತೊಟ್ಟ ಕೈಗವಸು, ಒರಸುವ ಬಟ್ಟೆ, ಕಾಗದ, ಪ್ಲಾಸ್ಟಿಕ್ ಹಾಳೆ ಮುಂತಾದುವು ಮಂದಪಟುತ್ವದವು. ಒಟ್ಟು ಕಸದ ಗಾತ್ರದಲ್ಲಿ ನೂರಕ್ಕೆ ಸುಮಾರು 90 ಪಾಲು ಇಂಥದೇ. ಒಟ್ಟು ವಿಕಿರಣಪಟುತ್ವದಲ್ಲಾದರೋ ಇದರ ಪಾಲು ನೂರಕ್ಕೆ 1ರಷ್ಟು ಮಾತ್ರ. ಆದುದರಿಂದ ಇಲ್ಲಿ ಮುಖ್ಯವಾದ ತೊಡಕು ಸ್ಥಳದ್ದು.

ಇದಕ್ಕೆ ಪರಿಹಾರವೇ ಒತ್ತುಯಂತ್ರ. ಕಸವನ್ನು ಸಾಮಾನ್ಯವಾಗಿ 200 ಲೀಟರಿನ ಉಕ್ಕಿನ ಪೀಪಾಯಿಗಳಲ್ಲಿ ತುಂಬುತ್ತಾರೆ. ಸಾವಿರ ಟನ್ನಿಗೂ ಮಿಕ್ಕ ಬಲವುಳ್ಳ ಯಂತ್ರವು ಪೀಪಾಯಿಯನ್ನೇ ಜಜ್ಜಿ ದಪ್ಪ ಬಿಲ್ಲೆಯನ್ನಾಗಿ ಮಾಡುತ್ತದೆ. ಬಿಲ್ಲೆಯ ಗಾತ್ರ 40 ಲೀಟರಿಗೆ ಇಳಿಯಿತೆಂದು ಭಾವಿಸೋಣ. ಒಂದು ಪೀಪಾಯಿಯ ಜಾಗದಲ್ಲಿ ಈಗ ಐದರ ಕಸ ಹಿಡಿಯುತ್ತದೆ. ಪೀಪಾಯಿಯಲ್ಲಿ ದ್ರವವಿರಬಾರದು, ಒತ್ತಿದಾಗ ಅದು ಹೊರಚಿಮ್ಮೀತು. ಹೊರಬೀಳುವ ಗಾಳಿಯಲ್ಲಿ ಪಟುವಾದ ಧೂಳಿರಬಹುದಾದ್ದರಿಂದ ಅದನ್ನು ಸೋಸಿಯೇ ಬಿಡಬೇಕು.

ಇಂಗ್ಲೆಂಡಿನ ಡ್ರಿಗ್ ಎಂಬಲ್ಲಿ 1959ರಿಂದ ಇಂಥ ಕಸವನ್ನು ಹೂಳತೊಡಗಿದರು. ಮೊದಮೊದಲು ಅದನ್ನು ಕಂದಕಗಳಲ್ಲಿ ಸಡಿಲವಾಗಿಯೇ ಸುರಿಯುತ್ತಿದ್ದರು. ಸಡಿಲ ಕಸ ಕಾಲಕ್ರಮದಲ್ಲಿ ಕುಸಿದರೆ ಮೇಲಿನ ಹೊದಿಕೆಯೂ ತಗ್ಗಿ, ಮಳೆನೀರಿಗೆ ದಾರಿಯಾಗುವ ಭಯವುಂಟು. 1988ರಲ್ಲಿ ಅಲ್ಲಿ ಕಾಂಕ್ರೀಟಿನ ಕೋಠಿ ಬಳಕೆಗೆ ಬಂದಿತು. ಮುಂದೆ, ನೆರೆಯ ಸೆಲ್ಲಾಫೀಲ್ಡಿನಲ್ಲಿ ಒತ್ತಿದ ಬಿಲ್ಲೆಗಳನ್ನು ಉಕ್ಕಿನ ಪೆಟ್ಟಿಗೆಗಳಲ್ಲಿ ಜೋಡಿಸಿ, ಸಂದುಗಳಿಗೆ ಸಿಮೆಂಟಿನ ಗಾರೆ ಹೊಯ್ದು ಇರಿಸುವ ಕ್ರಮ ಬಂದಿತು. ನಮ್ಮ ಕೈಗಾ ಮೊದಲಾದ ಭಾರತದ ಸ್ಥಾವರಗಳಲ್ಲಿಯೂ ಘನ ಕಸದ ಗಾತ್ರವನ್ನು ಕುಗ್ಗಿಸಿ, ಸ್ಥಾವರದ ಆವರಣದಲ್ಲಿಯೇ ಹೂಳುವುದು ರೂಢಿ.

ಆದರೆ ಒಂದು ಮಾತನ್ನು ನಾವು ಮರೆಯಲಾಗದು. ಒತ್ತುವುದರಿಂದ ಗಾತ್ರ ಕುಗ್ಗುವುದೇ ಹೊರತು ವಿಕಿರಣಪಟುತ್ವ ಕುಗ್ಗದು. ಮೇಲಿನ ಉದಾಹರಣೆಯಲ್ಲಿ ಪ್ರತಿ ಲೀಟರಿನ ಪಟುತ್ವ ಐದು ಮಡಿಯಾಯಿತಲ್ಲವೆ? ಪರಮಾಣುವಿನ ಬೀಜಕ್ಕೆ ಈ ಒತ್ತಡ ತಟ್ಟುವುದೇ ಇಲ್ಲ. ಅದು ತನ್ನ ನಿಯಮದಂತೆಯೇ ಕ್ಷಯಿಸುತ್ತದೆ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. ಹತ್ತು ಅರ್ಧಾಯುಗಳು, ಎಂದರೆ 300 ವರ್ಷಗಳು, ಕಳೆದ ಮೇಲೆಯೇ ಅದು ಸಾವಿರದಲ್ಲೊಂದು ಪಾಲಿಗೆ ಇಳಿಯುವುದು. ಯಂತ್ರವು ನಮಗೆ ಸ್ಥಳವನ್ನು ಉಳಿಸಿಕೊಡುತ್ತದೆ; ಕಾಲವನ್ನಲ್ಲ. ಕಾಯುವ ಹೊಣೆ ನಮ್ಮದು, ನಮ್ಮ ಮುಂದಿನವರದು.