ಯೀಸ್ಟಿನ ರಸವೂ ರಂಜಕವೂ

ಪಲ್ಪ್ ಮಾಡಿದ ಕಾಫಿಬೀಜದ ಲೋಳೆ ಕಳಚಲೆಂದು ನಾವು ತೊಟ್ಟಿಯಲ್ಲಿ ಹುದುಗು ಬರಿಸುತ್ತೇವಷ್ಟೆ. ಅಲ್ಲಿ ಬ್ಯಾಕ್ಟೀರಿಯಗಳ ಜೊತೆಗೆ ಯೀಸ್ಟೂ ಇರುತ್ತದೆ. ಈ ಯೀಸ್ಟ್ ಸಕ್ಕರೆಯನ್ನು ಒಡೆಯುವ ಬಗೆಯನ್ನು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಬಹುಕಾಲ ಶೋಧಿಸಿದವರು ಆರ್ಥರ್ ಹಾರ್ಡನ್ (1865–1940).

ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿದ ರಸ, ಜೀವಕೋಶಗಳಿಲ್ಲದೆಯೂ ಸಕ್ಕರೆಯನ್ನು ಹುದುಗಿಸುತ್ತದೆಂದು ಜರ್ಮನಿಯ ಬುಕ್ನರ್ 1897ರಲ್ಲಿ ತೋರಿಸಿದ್ದರು. ಆದರೆ ರಸದ ಕಸುವು ಬೇಗ ಕುಂದುತ್ತಿತ್ತು. ಹಾರ್ಡನ್ ಮತ್ತು ಅವರ ಜೊತೆಗಾರ ಯಂಗ್ ಅದಕ್ಕೆ ಕುದಿಸಿದ ಯೀಸ್ಟ್ ರಸವನ್ನು ಬೆರೆಸಿದರು. ಕುದಿಸಿದ ರಸ ತಾನಾಗಿ ಏನೂ ಮಾಡಲಾರದು. ಆದರೂ ಹುದುಗು ಚುರುಕಾಯಿತು! ಕಾರಣ ಹುಡುಕಿದಾಗ ಎರಡು ಸಂಗತಿ ಸಿಕ್ಕವು. ಒಂದು, ಕುದಿಸಿದರೂ ಕೆಡದ ಸಹಕಿಣ್ವ. ಇನ್ನೊಂದು ಫಾಸ್ಫೇಟ್, ಅಂದರೆ ನಾವು ಗಿಡದ ಬುಡಕ್ಕೆ ಕೊಡುವ ರಂಜಕವೇ. ಫಾಸ್ಫೇಟ್ ಹಾಕಿದೊಡನೆ ಗುಳ್ಳೆ ಭರದಿಂದ ಏಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಗ್ಗುತ್ತಿತ್ತು. ಹಾಕಿದ ಫಾಸ್ಫೇಟ್ ಎಲ್ಲಿ ಹೋಯಿತು? ಸಕ್ಕರೆಯೊಡನೆ ಕೂಡಿಕೊಂಡಿತ್ತು. 1906ರ ಹೊತ್ತಿಗೆ ಇದು ಪ್ರಕಟವಾಯಿತು. 1929ರಲ್ಲಿ ಹಾರ್ಡನ್ನರಿಗೆ ಆಯ್ಲರ್-ಕೆಲ್ಪಿನ್ ಅವರೊಡನೆ ನೊಬೆಲ್ ಬಹುಮಾನ ಬಂದಿತು.

ಸಕ್ಕರೆ ಒಡೆಯುವ ಮುನ್ನ ರಂಜಕ ಕೂಡುವ ಈ ಕ್ರಮ ಯೀಸ್ಟಿಗಷ್ಟೇ ಅಲ್ಲ, ಕಾಫಿ ಗಿಡಕ್ಕೂ ಅಡಿಕೆ ಮರಕ್ಕೂ ನಮ್ಮ ಮೈಗೂ ಒಂದೇ ಎಂದು ಮುಂದೆ ತಿಳಿಯಿತು. ಮದ್ಯದ ಯೀಸ್ಟಿನಿಂದ ತೋಟದ ಗೊಬ್ಬರದವರೆಗೆ ಬಂದ ಈ ದಾರಿ ನಮಗಂತೂ ಸೋಜಿಗ. ಮಲೆನಾಡಿನ ಹುಳಿ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯುಮಿನಿಯಂಗಳಿಗೆ ಅಂಟಿಕೊಂಡು ಬೇರಿಗೆ ಸರಿಯಾಗಿ ದಕ್ಕುವುದಿಲ್ಲ. ಆದ್ದರಿಂದ ಸದಸ್ಯರು ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ಮೊದಲು ಸುಣ್ಣ ಕೊಟ್ಟು, ಅನಂತರ ರಂಜಕದ ಲೆಕ್ಕ ಹಾಕುವುದು.